ವಯಸ್ಸು ನೋಡಿ ಕೈಬಿಡಬೇಡಿ



ಕಾಲೇಜಿನಿಂದ ನಿವೃತ್ತಳಾದ ಮೇಲೆ ಆಳಂದ, ಅಫಜಲಪುರ, ಜೇವರ್ಗಿಯ ಸಂಘಗಳಿಗೆ ಹೋಗುತ್ತಿರುತ್ತೇನೆ. ಎದೆಯಲ್ಲಿ ಗಂಟು ಕಂಡ ಹರೆಯದವಳಿಗೆ ಮನೆಯವರು "ಹಾಲಿನ ಗಂಟು, ಕರಗ್ತದ" ಅನ್ನುತ್ತಾರೆ. ನನ್ನಂತೆ 60 ದಾಟಿದವಳಿಗೆ "ಮುದುಕಿಗ್ಯಾಕ ಆಪರೇಷನ್" ಅನ್ನುತ್ತಾರೆ. ಎರಡೂ ಜೀವ ತೆಗೆಯುವ ಮಾತುಗಳೇ.

ಸ್ತನ ಕ್ಯಾನ್ಸರ್ 40ರೊಳಗೆ ಬಂದರೆ ಹಲವು ಸಲ ವೇಗವಾಗಿ ಬೆಳೆಯುತ್ತದೆ, ಕಾಯುವಂತಿಲ್ಲ. ವಯಸ್ಸಾದವರಲ್ಲಿ ಅದು ಸಾಮಾನ್ಯವಾಗಿ ನಿಧಾನ. ಆಪರೇಷನ್ ಆದ ಮೇಲೆ ಅನೇಕರಿಗೆ ಹಾರ್ಮೋನ್ ಮಾತ್ರೆಯೂ ನೆರವಾಗುತ್ತದೆ. ಗಂಟು ಎಷ್ಟು ದೊಡ್ಡದು, ಕಂಕುಳಿಗೆ ಹರಡಿದೆಯೇ ಎಂಬುದನ್ನು ಬಿಟ್ಟು ಬರೀ ವಯಸ್ಸಿನಿಂದ ಆಯುಷ್ಯ ಅಳೆಯಬಾರದು. ನೋವಿಲ್ಲವೆಂದೂ ಸುಮ್ಮನಿರಬಾರದು.

ಮುಂಬೈಯ ಟಾಟಾ ಆಸ್ಪತ್ರೆಯವರು 1998ರಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರ ಅಧ್ಯಯನ ಶುರುಮಾಡಿದರು. ತರಬೇತಿ ಪಡೆದ ಕಾರ್ಯಕರ್ತೆಯರು ಅವರಲ್ಲಿ ಅರ್ಧದಷ್ಟು ಜನರ ಎದೆಯನ್ನು 2 ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರ ವರದಿಯಂತೆ, ಹೀಗೆ ಪರೀಕ್ಷೆಗೊಳಗಾದ 50 ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ಮುದುಕಿಯರೂ ಉಳಿಯುತ್ತಾರೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಮನೆಯವರು ಬಸ್ಸಿಗೆ ದುಡ್ಡು ಕೊಡದಿದ್ದರೆ ಸಂಘದಿಂದ ಸಾಲ ಕೊಡಿ. ಒಬ್ಬಳು ಜೊತೆಗೆ ಹೋಗಿ.

ಮೊಲೆ ತೆಗೆಸಿಕೊಂಡವಳನ್ನು ತವರಿಗೆ ಅಟ್ಟುವುದೂ ದೌರ್ಜನ್ಯವೇ. ಗಂಡನ ಮನೆಯಲ್ಲಿ ಇರುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆಕೆಗೆ ಕೊಟ್ಟಿದೆ. ಆ ಹಕ್ಕಿನ ಬೆನ್ನಿಗೆ ನಾವು ನಿಲ್ಲೋಣ.