ಧಾರಾವಾಹಿಯ ಪೊಲೀಸರು
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಮುಂಬಯಿಗೆ ಬಂದು ನೆಲೆಸಿದ ನಮಗೆ ಹಿಂದಿ ಕಲಿಸಿದ ಗುರುಗಳಲ್ಲಿ 'ಸಿ.ಐ.ಡಿ.' ಧಾರಾವಾಹಿಯೂ ಒಂದೆಂದರೆ ತಾವು ನಗಬಹುದು. 1998ರಿಂದ 2018ರ ವರೆಗೆ ನಡೆದು, 2024ರ ಕೊನೆಗೆ ಮತ್ತೆ ಬಂದ ಅದನ್ನು ನಾವು ಊಟದ ತಟ್ಟೆ ಮುಂದಿಟ್ಟುಕೊಂಡೇ ನೋಡಿದವರು. ದಯಾ ಬಾಗಿಲು ಒಡೆದಾಗ ಚಪ್ಪಾಳೆ ತಟ್ಟಿದ ನಮ್ಮ ಮಕ್ಕಳೇ ಅದರ ತಪ್ಪುಗಳನ್ನೂ ಹುಡುಕಿದರು.

ಇಂಥ ಪತ್ತೇದಾರಿ ಕಥೆಗಳಲ್ಲಿ ಅರ್ಧ ಕುಡಿದ ಚಹಾ ಮರುಕ್ಷಣ ಲೋಟದ ತುಂಬ ಇರುತ್ತದೆ. ಎಡಗೆನ್ನೆಯ ಗಾಯ ಬಲಗೆನ್ನೆಗೆ ಹೋಗುತ್ತದೆ. ತುಂಡುತುಂಡಾಗಿ ಚಿತ್ರಿಸಿ ಆಮೇಲೆ ಜೋಡಿಸುವುದರಿಂದ ಹೊಲಿಗೆ ಕಾಣುತ್ತದೆ, ಅಷ್ಟೆ. ಇದೇ ಸಿ.ಐ.ಡಿ. ತಂಡದವರು 2004ರಲ್ಲಿ 111 ನಿಮಿಷಗಳ ಕಂತೊಂದನ್ನು ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರಿಸಿ ದಾಖಲೆ ಮಾಡಿದರು. ಅಲ್ಲಿ ಹೊಲಿಗೆಯೇ ಇಲ್ಲ. ಭಲೆ ಎನ್ನಬೇಕು!

ಆದರೆ ಕೆಲವು ತಪ್ಪುಗಳು ಬಟ್ಟೆಯಲ್ಲಿಯೇ ಇರುತ್ತವೆ. ಡಾಕ್ಟರ್ ಸಾಳುಂಖೆಯವರು ಶವಪರೀಕ್ಷೆಯನ್ನೂ ವಿಷದ ಪರೀಕ್ಷೆಯನ್ನೂ ತಾವೇ ಮಾಡಿ ಆಗಲೇ ಉತ್ತರ ಹೇಳಿಬಿಡುತ್ತಾರೆ. ವಾಸ್ತವದಲ್ಲಿ ಮೊದಲನೆಯದು ಆಸ್ಪತ್ರೆಯ ವೈದ್ಯರ ಕೆಲಸ. ಎರಡನೆಯದಕ್ಕೆ ಮಾದರಿಗಳು ಕಲೀನಾದ ಪ್ರಯೋಗಶಾಲೆಗೆ ಹೋಗಿ ಸರದಿ ಕಾಯಬೇಕು. ಇದನ್ನೂ ಕ್ಷಮಿಸೋಣ. ನಮಗೆ ನುಂಗಲಾಗದ್ದು ಕೊನೆಯ ದೃಶ್ಯ. ಕಪಾಳಕ್ಕೊಂದು ಏಟು, ಕೂಡಲೇ ತಪ್ಪೊಪ್ಪಿಗೆ, ಏ.ಸಿ.ಪಿ. ಪ್ರದ್ಯುಮನ್ ಅವರ ಬಾಯಿಂದ ಗಲ್ಲಿನ ಮಾತು, ಮೊಕದ್ದಮೆ ಮುಗಿಯಿತು! ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲವೆಂದು 1872ರ ಸಾಕ್ಷ್ಯ ಅಧಿನಿಯಮವೇ ಹೇಳಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾನೂನೂ ಅದನ್ನೇ ಹೇಳುತ್ತದೆ. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದು ಸಂವಿಧಾನದ ಮಾತು. ಧಾರಾವಾಹಿಯಲ್ಲಿ ಮ್ಯಾಜಿಸ್ಟ್ರೇಟರ ಮುಖ ಕಂಡದ್ದು ನಮಗಂತೂ ನೆನಪಿಲ್ಲ.

ಮನರಂಜನೆಗೆ ಇಷ್ಟೇಕೆ ತಲೆಬಿಸಿ ಎಂದೀರಿ. ನಮ್ಮ ಪೈಕಿಯ ಹಿರಿಯರೊಬ್ಬರಿಗೆ ಕಳೆದ ವರ್ಷ ಫೋನಿನ ತೆರೆಯಲ್ಲಿ ಖಾಕಿ ಧರಿಸಿದವನೊಬ್ಬ ಕಾಣಿಸಿಕೊಂಡು, "ನೀವು ಬಂಧನದಲ್ಲಿದ್ದೀರಿ, ಕೋಣೆ ಬಿಟ್ಟು ಏಳಬೇಡಿ, ತಪ್ಪು ಒಪ್ಪಿಕೊಳ್ಳಿ" ಎಂದು ಗದರಿಸಿದ. ಫೋನಿನಲ್ಲಿ ಬಂಧಿಸುವ ಕಾನೂನೇ ಈ ದೇಶದಲ್ಲಿಲ್ಲ. ಆದರೆ ಅವರು ಇಪ್ಪತ್ತು ವರ್ಷ ನೋಡಿದ ಪೊಲೀಸರು ಹೀಗೆಯೇ ಗದರಿಸುತ್ತಿದ್ದರಲ್ಲವೇ? ಎರಡು ಗಂಟೆ ಕೈಮುಗಿದುಕೊಂಡು ಕುಳಿತಿದ್ದರಂತೆ. ಕಾಫಿ ತಂದ ಸೊಸೆ, "ಮಾವ, ಇವರು ಯಾವ ಠಾಣೆಯವರು?" ಎಂದು ಗಟ್ಟಿಯಾಗಿಯೇ ಕೇಳಿದಳು. ಉತ್ತರ ಬರಲಿಲ್ಲ, ತೆರೆ ಕಪ್ಪಾಯಿತು. ಅಂದು ರಾತ್ರಿಯೇ ಮನೆಯವರು 1930ಕ್ಕೆ ಕರೆಮಾಡಿ ದೂರು ಕೊಟ್ಟರು.