ಹಲ್ಲಿನ ನೆರಳು

ಇಳಿಬಿಸಿಲಿನಲ್ಲಿ ನಮ್ಮ ನೆರಳು ನಮಗಿಂತ ಉದ್ದ. ನಡುಹಗಲಿನಲ್ಲಿ ಬಲು ಗಿಡ್ಡ. ಹಲ್ಲಿನ ಎಕ್ಸ್-ರೇ ಚಿತ್ರವೂ ಒಂದು ನೆರಳೇ. ಅದು ನಿಜ ನುಡಿಯಬೇಕಾದರೆ ಕಿರಣ ಬೀಳುವ ಓರೆ ಸರಿಯಾಗಿರಬೇಕು.

ರಾಂಟ್‌ಜೆನ್ ಈ ಕಿರಣಗಳನ್ನು ಕಂಡದ್ದು 1895ರ ನವೆಂಬರಿನಲ್ಲಿ. ಕೆಲವೇ ವಾರಗಳಲ್ಲಿ ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕಾಫ್ ಬಾಯಲ್ಲಿ ಫಲಕವಿಟ್ಟುಕೊಂಡು 25 ನಿಮಿಷ ತಮ್ಮ ಹಲ್ಲುಗಳನ್ನೇ ಕಿರಣಕ್ಕೆ ಒಡ್ಡಿದರು.

ಬಾಯೊಳಗೆ ಫಿಲ್ಮನ್ನಿಡುವ ಮುಖ್ಯ ರೀತಿಗಳು ಎರಡು. ಅಂಗುಳು ಕಮಾನಿನಂತೆ ಬಾಗಿರುವುದರಿಂದ ಹಲ್ಲಿಗೆ ಒತ್ತಿಟ್ಟ ಫಿಲ್ಮು ಓರೆಯಾಗಿ ನಿಲ್ಲುತ್ತದೆ. ಹಲ್ಲಿಗೂ ಫಿಲ್ಮಿಗೂ ನಡುವಣ ಕೋನವನ್ನು ಇಬ್ಭಾಗಿಸುವ ಗೆರೆಯನ್ನು ಊಹಿಸಿ, ಅದಕ್ಕೆ ಲಂಬವಾಗಿ ಕಿರಣ ಹಾಯಿಸಿದರೆ ನೆರಳು ಹಲ್ಲಿನಷ್ಟೇ ಉದ್ದವಾಗುತ್ತದೆ. ಊಹೆ ತಪ್ಪಿತೋ, ಹಲ್ಲಿನ ಬೇರು ಹಿಗ್ಗೀತು, ಇಲ್ಲವೇ ಕುಗ್ಗೀತು. ಎರಡನೆಯದರಲ್ಲಿ ಫಿಲ್ಮನ್ನು ಹಿಡಿಕೆಗೆ ಸಿಕ್ಕಿಸಿ, ಹಲ್ಲಿನಿಂದ ಕೊಂಚ ದೂರದಲ್ಲಿ, ಸಮಾಂತರವಾಗಿ ನಿಲ್ಲಿಸುತ್ತಾರೆ. ನೆರಳು ದೊಡ್ಡದಾಗದಂತೆ ಕಿರಣದ ಮೂಲವನ್ನೂ ಹಿಂದಕ್ಕೆ ಸರಿಸುತ್ತಾರೆ. ಈ ಚಿತ್ರದ ಅಳತೆ ಹೆಚ್ಚು ನಂಬತಕ್ಕದ್ದು.

ಹಿಡಿಕೆಯಿಂದ ಇನ್ನೊಂದು ಲಾಭವುಂಟು: ಕಿರಣದ ಹಾದಿಯಲ್ಲಿ ಯಾರ ಬೆರಳೂ ಇರಬೇಕಿಲ್ಲ. ಇದರ ಬೆಲೆ ತಿಳಿಯಲು ನ್ಯೂ ಆರ್ಲಿಯನ್ಸಿನ ದಂತವೈದ್ಯ ಎಡ್ಮಂಡ್ ಕೆಲ್ಸ್ ಅವರನ್ನು ನೆನೆಯಬೇಕು. 1896ರಿಂದಲೇ ಈ ವಿದ್ಯೆಯನ್ನು ಬೆಳೆಸಿದ ಅವರು ಕಿರಣದ ಬಲವನ್ನು ತಮ್ಮ ಕೈಯನ್ನೇ ಒಡ್ಡಿ ಪರೀಕ್ಷಿಸುತ್ತಿದ್ದರು. ಮೊದಲು ಬೆರಳುಗಳು ಹೋದವು; ಆಮೇಲೆ ಕೈ; ಕೊನೆಗೆ ತೋಳು. 1928ರಲ್ಲಿ ತೀರಿಕೊಂಡರು.

ಇಂದು ಚಿತ್ರಕ್ಕೆ ಕ್ಷಣಾರ್ಧ ಸಾಕು. ಹಲವೆಡೆ ಫಿಲ್ಮಿನ ಸ್ಥಾನಕ್ಕೆ ಸೆನ್ಸರ್ ಬಂದಿದೆ. ಆದರೂ ಮಿತ್ರರೇ, ಹಿಡಿಕೆಯನ್ನು ಕಚ್ಚಿಕೊಳ್ಳಿರೆಂದು ಹೇಳಿ ವೈದ್ಯರು ದೂರ ಸರಿದಾಗ ಬೇಸರಿಸಬೇಡಿ. ಆ ಎಚ್ಚರವನ್ನು ಒಬ್ಬರು ತಮ್ಮ ತೋಳನ್ನೇ ತೆತ್ತು ಕಲಿಸಿದ್ದಾರೆ.