ಪಠ್ಯ ರಚನೆ: ವೃತ್ತಿ ಮತ್ತು ಹೊಣೆ



ನಮ್ಮ ನಾಡಿನ ಅನೇಕ ಮನೆಗಳಲ್ಲಿ ಕಾಣಸಿಗುವ ಪುಸ್ತಕವೆಂದರೆ ಶಾಲೆಯ ಪಠ್ಯಪುಸ್ತಕವೊಂದೇ. ಆದರೂ ಅದನ್ನು ರಚಿಸುವುದು ಒಂದು ವೃತ್ತಿಯೆಂದು ಯುವಜನರು ಪರಿಗಣಿಸುವುದು ವಿರಳ. ವಿಶಾಖಪಟ್ಟಣದಲ್ಲಿ ಈ ವಿಚಾರವನ್ನು ಪ್ರಸ್ತಾಪಿಸುವುದು ಉಚಿತವಾಗಿದೆ. ಪಠ್ಯದ ಭಾಷೆ ಹೇಗಿರಬೇಕೆಂಬ ಪ್ರಶ್ನೆಯು ಈ ಉತ್ತರ ಕರಾವಳಿಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಎದ್ದಿತು.

ಗಿಡುಗು ವೆಂಕಟರಾಮಮೂರ್ತಿಯವರು (1863–1940) ಪರ್ಲಾಕಿಮಿಡಿಯಲ್ಲಿ ಅಧ್ಯಾಪಕರಾಗಿದ್ದರು. ಗ್ರಾಂಥಿಕ ತೆಲುಗಿಗೆ ಬದಲಾಗಿ ಜನರಾಡುವ ಶಿಷ್ಟ ತೆಲುಗು ಶಾಲೆಗೆ ಬರಬೇಕೆಂದು ಅವರು ಗುರಜಾಡ ಅಪ್ಪಾರಾವ್ ಅವರೊಡನೆ ವಾದಿಸಿದರು. ಗುಡ್ಡಗಾಡಿನ ಸವರ ಜನರ ಭಾಷೆಯನ್ನು ಸ್ವತಃ ಕಲಿತು, ಅವರ ಮಕ್ಕಳಿಗಾಗಿ ಪಾಠಗಳನ್ನು ಸಿದ್ಧಪಡಿಸಿ ಶಾಲೆಗಳನ್ನು ತೆರೆದರು. ಅವರ ಸವರ ಭಾಷಾ ಕೈಪಿಡಿಯು 1931ರಲ್ಲಿ ಪ್ರಕಟವಾಯಿತು. ಮಗುವಿನ ಮಾತನ್ನು ಕೇಳಿ ಅನಂತರ ಬರೆಯುವುದು ಅವರು ತೋರಿದ ಮಾರ್ಗ.

ಕನ್ನಡಿಗರಿಗೂ ಈ ಮಾರ್ಗ ಅಗತ್ಯವಾಗಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯವಿರಬೇಕೆಂದು ಸಂವಿಧಾನದ 350ಎ ವಿಧಿಯು ಹೇಳುತ್ತದೆ. 1956ರಲ್ಲಿ ಸೇರಿದ ಈ ವಿಧಿಯ ಆಶಯವು ಆಂಧ್ರಪ್ರದೇಶದ ಗಡಿಯಲ್ಲಿರುವ ಮಡಕಶಿರಾ, ರಾಯದುರ್ಗ, ಆದೋನಿ ಕಡೆಯ ಕನ್ನಡ ಮಕ್ಕಳಿಗೂ ಅನ್ವಯಿಸುತ್ತದೆ. ಅಲ್ಲಿನ ಪಾಠಗಳು ಆ ರಾಜ್ಯದ ಪಠ್ಯಕ್ರಮವನ್ನು ಅನುಸರಿಸಬೇಕು. ಆದರೆ ಅವುಗಳ ಕನ್ನಡವು ಕನ್ನಡವಾಗಿಯೇ ಇರಬೇಕು.

ವಿಶಾಖಪಟ್ಟಣ ಬಂದರನ್ನು ಕುರಿತು ಒಂದು ಪಾಠ ಬರೆಯಬೇಕಾಗಿದೆ ಎಂದು ಭಾವಿಸೋಣ. ಮಡಕಶಿರಾದ ಬಾಲಕಿ ಸಮುದ್ರವನ್ನು ಕಂಡಿಲ್ಲ. ಊರಿನ ಕೆರೆಯನ್ನು ಬಲ್ಲಳು. ಕೃಷ್ಣಾ ನದಿಯ ದಡದ ವಿಜಯವಾಡದ ಮಗುವಿಗೆ ಪ್ರಕಾಶಂ ಬ್ಯಾರೇಜ್ ಪರಿಚಿತ. ಒಂದೇ ಪಾಠಕ್ಕೆ ಇಬ್ಬರಲ್ಲಿಯೂ ಬಾಗಿಲು ಬೇರೆ ಬೇರೆ. ಉಬ್ಬರದ ನೀರು ನುಗ್ಗುತ್ತಿದ್ದ ಜೌಗು ನೆಲವನ್ನು ಆಳಗೊಳಿಸಿ ಈ ಒಳಬಂದರನ್ನು ನಿರ್ಮಿಸಲಾಯಿತು. 1933ರಲ್ಲಿ ಅದು ಹಡಗುಗಳಿಗೆ ತೆರೆಯಿತು. ಡಾಲ್ಫಿನ್ಸ್ ನೋಸ್ ಗುಡ್ಡವು ಅದಕ್ಕೆ ಅಲೆ, ಬಿರುಗಾಳಿಗಳಿಂದ ಮರೆಯಾಗಿದೆ. ತಳದ ಮಣ್ಣನ್ನು ತೆಗೆಯುವ ಕೆಲಸಕ್ಕೆ ನಿಘಂಟಿನಿಂದ ಕಠಿಣ ಪದವನ್ನು ಆರಿಸುವುದು ಸುಲಭ. ‘ಹೂಳೆತ್ತುವುದು’ ಎಂದು ಬರೆದರೆ ಕೆರೆಯನ್ನು ಬಲ್ಲ ಬಾಲಕಿಗೆ ಬಂದರು ತಾನಾಗಿಯೇ ಅರ್ಥವಾಗುತ್ತದೆ. ಹಡಗು ತಂಗುವ ಕಟ್ಟೆಗೆ ನಮ್ಮ ಕರಾವಳಿಯ ‘ಧಕ್ಕೆ’ ಎಂಬ ಪದವೂ ಸಿದ್ಧವಾಗಿದೆ.

ಈ ಕಾರ್ಯಕ್ಕೆ ವಿಷಯಜ್ಞಾನ, ತರಗತಿಯ ಅನುಭವ, ಭಾಷೆಯ ಹಿಡಿತ ಮೂರೂ ಬೇಕು. ಸ್ನಾತಕೋತ್ತರ ಪದವಿ ಹಾಗೂ ಶಿಕ್ಷಣ ಪದವಿ ಉತ್ತಮ ತಳಹದಿಯಾಗುತ್ತವೆ. 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು, ರಾಜ್ಯಗಳ ಇಂತಹ ಸಂಸ್ಥೆಗಳು, 1969ರಲ್ಲಿ ಮೈಸೂರಿನಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ ಹಾಗೂ ಖಾಸಗಿ ಪ್ರಕಾಶನಗಳು ಈ ವೃತ್ತಿಯ ಮುಖ್ಯ ಕ್ಷೇತ್ರಗಳು. ಪಠ್ಯ ರಚನೆ ಒಬ್ಬರ ಕೆಲಸವೂ ಅಲ್ಲ. ವಿಷಯತಜ್ಞರು, ಶಿಕ್ಷಕರು, ಅನುವಾದಕರು, ಚಿತ್ರಕಾರರು ಒಟ್ಟಾಗಿ ಕುಳಿತು ಕರಡನ್ನು ತಿದ್ದುತ್ತಾರೆ. ಕರಡನ್ನು ಮಕ್ಕಳ ಮುಂದೆ ಓದಿಸಿ ನೋಡುವುದು ಉತ್ತಮ ಪದ್ಧತಿ. ಮಗು ತಡೆದು ನಿಂತ ವಾಕ್ಯವನ್ನು ಮತ್ತೆ ಬರೆಯಬೇಕು.

ಸಾಧ್ಯವಿರುವ ಕಡೆಗಳಲ್ಲಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು, ಮಾತೃಭಾಷೆ ಅಥವಾ ಸ್ಥಳೀಯ ಭಾಷೆ ಬೋಧನಾ ಮಾಧ್ಯಮವಾಗಿರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿದೆ. ಇದನ್ನು ನೆರವೇರಿಸಲು ನುರಿತ ಲೇಖಕರು ಬೇಕು.

ಪಾಠ ತಿಳಿಯದಿದ್ದಾಗ ಮಗು ಪುಸ್ತಕವನ್ನು ದೂರುವುದಿಲ್ಲ. ತನಗೇ ಬುದ್ಧಿ ಸಾಲದೆಂದು ತಿಳಿಯುತ್ತದೆ, ಕ್ರಮೇಣ ಶಾಲೆಯಿಂದ ದೂರವಾಗುತ್ತದೆ. ಈ ಹಾನಿಯನ್ನು ತಡೆಯುವ ಶಕ್ತಿ ಪಠ್ಯಲೇಖಕನ ಕೈಯಲ್ಲಿದೆ. ಕನ್ನಡವನ್ನೂ ಮಕ್ಕಳನ್ನೂ ಬಲ್ಲ ಯುವಕ ಯುವತಿಯರು ಈ ಹೊಣೆಯನ್ನು ಹೊರಲು ಮುಂದೆ ಬರಲೆಂದು ಹಾರೈಸುತ್ತೇನೆ.